ಶನಿವಾರ ಊದದ ಕೊಂಬು

ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನಲ್ಲಿ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಅಂಕಲ್ ಇದ್ದಾರೆ. ಅವರಿಗೆ ಲಿಫ್ಟಿನ ಗುಂಡಿ ಒತ್ತಲು ಬರುವುದಿಲ್ಲ! ಅಂದರೆ, ಶನಿವಾರ ಮಾತ್ರ ಬರುವುದಿಲ್ಲ. ಮಿಕ್ಕ ದಿನ ಚೆನ್ನಾಗಿಯೇ ಬರುತ್ತದೆ. ಜೀವಮಾನವಿಡೀ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು, ಗುಂಡಿ ಒತ್ತುವುದನ್ನು ನಾವು ಹೇಳಿಕೊಡಬೇಕೇ?

ಅಂಕಲ್ ಯಹೂದಿ. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಆಡುವುದು ಅಚ್ಚ ಕನ್ನಡ. ಇಲ್ಲಿ ಯಾರಾದರೂ ಧರ್ಮ ಯಾವುದೆಂದು ಕೇಳಿದರೆ, ಇಲ್ಲಿನವರಂತೆ ಕೊನೆಗೊಂದು 'ಲಾ' ಸೇರಿಸಿ, "ಬ್ಯಾಂಗಲೋರ್ ಲಾ" ಎಂದು ಮಾತು ಮುಗಿಸಿಬಿಡುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಶನಿವಾರ ಅವರಿಗೆ ದೇವರೇ ಕೊಟ್ಟ ರಜೆ. ಒಲೆ ಹಚ್ಚುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ, ಬೀದಿಯಲ್ಲಿ ಒಂದು ಕರವಸ್ತ್ರವನ್ನೂ ಹೊತ್ತು ನಡೆಯುವಂತಿಲ್ಲ. ಹಾಗೆಂದು ಮೆಟ್ಟಿಲು ಹತ್ತಲು ಅವರ ಶ್ವಾಸಕೋಶ ಒಪ್ಪುವುದಿಲ್ಲ. ಇದನ್ನು ನಾನು ಅಧಿಕೃತವಾಗಿಯೇ ಹೇಳುತ್ತಿದ್ದೇನೆ, ಮೆಡಿಕಲ್ ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಶ್ವಾಸಕೋಶದ ಬಗ್ಗೆಯೇ.

ಗುಂಡಿ ಒತ್ತಿ ಎಂದು ಬೇರೆಯವರಿಗೆ ಹೇಳುವಂತೆಯೂ ಇಲ್ಲವಂತೆ! ಅದಕ್ಕೆ ಲಿಫ್ಟಿನ ಬಳಿ ನಿಂತು, "ಹನ್ನೆರಡನೇ ಮಹಡಿಯಲ್ಲಿ ಇವತ್ತು ಒಳ್ಳೇ ಗಾಳಿ" ಎಂದು ಇಂಗ್ಲಿಷಿನಲ್ಲಿ ನಿಟ್ಟುಸಿರು ಬಿಡುತ್ತಾರೆ. ಸೂಚನೆ ಅರ್ಥವಾಗದ ಚೀನೀ ಅಜ್ಜಿಯೊಬ್ಬರು ಒಮ್ಮೆ ಅವರನ್ನು ಈಜುಕೊಳದ ಮಹಡಿಗೆ ಕರೆದೊಯ್ದು, ಅಲ್ಲಿ ಇನ್ನೂ ಒಳ್ಳೆಯ ಗಾಳಿ ಬರುತ್ತದೆಂದು ಕೂರಿಸಿ ಹೋದರು.

ಶನಿವಾರಕ್ಕೆ ಅಂಟಿಕೊಂಡು ಹಬ್ಬ ಬಂದರಂತೂ ಕೇಳಲೇಬೇಡಿ. ಶುಕ್ರವಾರ ಹಬ್ಬವಾದರೆ ಅವತ್ತು ನಾಳಿನ ಅಡುಗೆ ಮಾಡುವಂತಿಲ್ಲ. ಆದರೆ ಹಬ್ಬಕ್ಕೆ ಮೊದಲೇ ಒಂದು ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ ಎತ್ತಿಟ್ಟರೆ ಶನಿವಾರದ ಅಡುಗೆ ಆಗಲೇ ಶುರುವಾಗಿದೆ ಎಂದು ಅರ್ಥ, ಮುಂದುವರಿಸಬಹುದು! ಒಮ್ಮೆ ಹಬ್ಬದ ಹಿಂದಿನ ಸಂಜೆ ನನ್ನ ಗಂಡ ಅವರ ಮನೆಗೆ ವೈಫೈ ಸರಿಮಾಡಲು ಹೋದವರು ಬಾಯಿ ಒರೆಸಿಕೊಳ್ಳುತ್ತಾ ಬಂದರು. ಮರುದಿನ ಅಂಕಲ್ ಬಾಗಿಲಲ್ಲಿ.

"ಡಾಕ್ಟ್ರಮ್ಮ, ನಿಮ್ಮ ಯಜಮಾನ್ರು ನನ್ನ ಶನಿವಾರಾನೇ ತಿಂದ್ಬಿಟ್ರು!"

ಪಾಪ, ಆ ಶನಿವಾರ ಅಂಕಲ್ ಬಾಳೆಹಣ್ಣು ತಿಂದು ಕಳೆದರು. ಮೊಟ್ಟೆಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವ ಮಾಧ್ವರ ಮನೆಯ ನನ್ನ ಗಂಡ ಆ ಶನಿವಾರವನ್ನು ಹೇಗೆ ಕಳೆದರೆಂದು ಹೇಳುವುದಿಲ್ಲ.

ಅವರ ಹೊಸವರ್ಷಕ್ಕೆ ಟಗರಿನ ಕೊಂಬು ಊದಬೇಕು. ಇಡೀ ವರ್ಷದಲ್ಲಿ ಅವರಿಗೆ ಬೇಕಾದ ದೊಡ್ಡ ಸಂಭ್ರಮ ಅದೊಂದೇ. ಹಿಂದಿನ ವರ್ಷ ಮನೆಯಲ್ಲಿ ಊದಿದ್ದಕ್ಕೆ ಕೆಳಗಿನ ಮನೆಯ ಮಗು ಬೆಚ್ಚಿಬಿದ್ದು, ಮನೆಯೊಳಗೆ ಊದಕೂಡದೆಂದು ಕಾಂಡೋ ಕಮಿಟಿಯ ಅಪ್ಪಣೆಯಾಗಿತ್ತು.

ಈ ಸಲ ಅಂಕಲ್ ನನ್ನನ್ನು ಕರೆದು, "ಇನ್ನೊಂದ್ ಸಲ ಊದೋಷ್ಟು ಉಸಿರಿದ್ಯಾ, ನೋಡಿ ಹೇಳಮ್ಮ" ಎಂದರು. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಈ ವರ್ಷಕ್ಕೆ ಇತ್ತು. ಮುಂದಿನ ವರ್ಷದ ಮಾತನ್ನು ಅವರೂ ಕೇಳಲಿಲ್ಲ, ನಾನೂ ಆಡಲಿಲ್ಲ.

ಕಾಂಡೋದ ಪಾರ್ಟಿ ಹಾಲ್‌ನಲ್ಲಾದರೂ ಊದಲು ಬಿಡಿ ಎಂದು ಕಮಿಟಿಯ ಸೆಕ್ರೆಟರಿಯ ಬೆನ್ನು ಹತ್ತಿದೆ. "ಸ್ಯಾಟರ್ಡೇ ಹಾಲ್ ಕ್ಯಾನ್ ಲಾ, ಡಾಕ್ಟರ್. ಸಂಡೇ ಬರ್ತ್‌ಡೇ ಪಾರ್ಟಿ, ಕೆನಾಟ್" ಎಂದರು. ಅವರ ಎರಡು ದಿನದ ಹೊಸವರ್ಷ ಸರಿಯಾಗಿ ಶನಿವಾರವೇ ಶುರು! ಗೆದ್ದೆನೆಂದು ಓಡಿಬಂದು ಹೇಳಿದರೆ ಅಂಕಲ್ ಮುಖ ಬಾಡಿತು.

"ಶನಿವಾರ ಬಿದ್ರೆ ಊದೋ ಹಾಗಿಲ್ಲಮ್ಮ. ಮಾರನೇ ದಿನಾನೇ."

"ಎಂತದ್ದು ಮಾರಾಯ್ರೆ! ಹೊಸವರ್ಷದ ದಿನವೇ ಊದ್ಲಿಕ್ಕಿಲ್ವಾ?" ಎಂದೆನಾದರೂ ಅಮ್ಮ ನೆನಪಾದಳು. ನಮ್ಮಲ್ಲಿ ಏಕಾದಶಿಯ ದಿನ ಶ್ರಾದ್ಧ ಬಂದರೆ ದ್ವಾದಶಿಗೆ ಹೋಗುತ್ತದೆ. ಉಪವಾಸದ ಮುಂದೆ ಸತ್ತ ಅಜ್ಜನೂ ಒಂದು ದಿನ ಹಸಿದು ಕಾಯಬೇಕು! ಇದನ್ನು ಕೇಳಿ ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಿದ್ರೆ ನೀವೂ ನಮ್ಮವ್ರೇ ಬಿಡಿ!"

ಶನಿವಾರ ಆಕಾಶ ತಿಳಿಯಾಗಿತ್ತು. ಅಂಕಲ್ ಆರಾಮವಾಗಿ ಉಸಿರಾಡುತ್ತಾ ದಿನವಿಡೀ ಸುಮ್ಮನೆ ಕೂತಿದ್ದರು. ಭಾನುವಾರ ಬೆಳಗಾಗುವಷ್ಟರಲ್ಲಿ ಸಮುದ್ರದಾಚೆ ಕಾಡು ಸುಟ್ಟ ಹೊಗೆ ಇಡೀ ಪೆನಾಂಗನ್ನು ಮುಸುಕಿತ್ತು. ಹುಟ್ಟುಹಬ್ಬದವರು ಒಳ್ಳೆಯವರು, ಬಲೂನು ಕಟ್ಟುವುದನ್ನು ನಿಲ್ಲಿಸಿ ನಮಗೆ ಜಾಗ ಬಿಟ್ಟರು. ಅಂಕಲ್ ಕೊಂಬನ್ನು ತುಟಿಗಿಟ್ಟರು. ಬರೀ ಗಾಳಿ. ಇನ್ನೊಮ್ಮೆ ಊದಿದರು, ಕೆಮ್ಮಿದರು, ಮತ್ತೆ ಊದಿದರು. ದನಿ ಹೊರಡಲೇ ಇಲ್ಲ. ಸಾಕೆಂದು ನಾನೇ ಕೈ ಹಿಡಿದು ಕೂರಿಸಿದೆ.

ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ನಿನ್ನೆ ಊದಿದ್ರೆ ಬರ್ತಿತ್ತು ಅಂಕಲ್. ಅಷ್ಟು ಒಳ್ಳೆ ದಿನ ಹಾಳಾಯ್ತು. ಎಂತಕ್ಕೆ ಬೇಕಿತ್ತು ಈ ನಿಯಮ?"

"ಊದಕ್ಕೆ ಬರ್ದೇ ಇರೋನು, ಹೇಗೆ ಊದೋದು ಅಂತ ಕೇಳೋಕೆ ಬಲ್ಲವ್ರ ಮನೆಗೆ ಕೊಂಬು ಹೊತ್ಕೊಂಡು ಬೀದೀಲಿ ನಡೆದುಬಿಟ್ಟಾನು ಅಂತ ಹಿರಿಯರಿಗೆ ಭಯ. ಶನಿವಾರ ಹೊರೋ ಹಾಗಿಲ್ವಲ್ಲ. ಅದಕ್ಕೇ ಬೇಡ ಅಂದ್ರು."

"ಇಲ್ಲಿ ನಿಮ್ಮವ್ರು ಯಾರಿದ್ದಾರೆ ಅಂಕಲ್, ನೀವು ಕೇಳ್ಲಿಕ್ಕೆ ಹೋಗುವಂಥವ್ರು?" ಬಾಯಿ ತಪ್ಪಿ ಕೇಳಿಬಿಟ್ಟೆ.

ಅಂಕಲ್ ಕೊಂಬನ್ನು ಬಟ್ಟೆಯಲ್ಲಿ ನಿಧಾನವಾಗಿ ಸುತ್ತಿದರು.

"ಯಾರೂ ಇಲ್ಲಮ್ಮ. ಆದ್ರೂ ನಿನ್ನೆ ಊದ್ದೆ ಕೂತಿದ್ದಾಗ, ಈ ಬೀದೀಲೇ ನಮ್ಮವ್ರದ್ದೊಂದು ಮನೆ ಇದೆ, ನಾನೆಲ್ಲಿ ಕೊಂಬು ಹೊತ್ಕೊಂಡು ಅಲ್ಲಿಗೆ ಎದ್ದು ಹೋಗ್ಬಿಡ್ತೀನೋ ಅಂತ ಯಾರೋ ನನ್ನ ತಡೀತಿದ್ದಾರೆ ಅನ್ನಿಸ್ತಿತ್ತು."