ಕ್ರೇನಿನ ಮೂರು ಅರ್ಥ

ತಾಸಿಗೆ ಸಾವಿರ ರೂಪಾಯಿ. ಅದಿರಿನ ಭರಾಟೆಯ ದಿನಗಳಲ್ಲಿ ನನ್ನ ಹಳೆಯ ಕ್ರೇನಿನ ಬಾಡಿಗೆ ಅಷ್ಟು. ಒಂದು ತಾಸನ್ನೂ ಯಾರಿಗೂ ಬಿಟ್ಟವನಲ್ಲ. ಕ್ರೇನು ಇಟ್ಟವನ ಹತ್ತಿರ ನಗುವಂಥ ಸುದ್ದಿಗೆ ಕಡಿಮೆಯಿಲ್ಲ. ಬಿದ್ದದ್ದನ್ನು ಎತ್ತುವುದೇ ನಮ್ಮ ಕಸುಬಲ್ಲವೇ!

ಮಾಸ್ತರನ ಪಾಠ

ನನ್ನಾಕೆಯ ತವರು ಸಿರುಗುಪ್ಪದ ಹತ್ತಿರದ ಕರೂರು. ಭತ್ತ ಕೊಯ್ದ ಮೇಲೆ, ಚಳಿಗಾಲದಲ್ಲಿ, ಅಲ್ಲಿಯ ಗದ್ದೆಗೆ ಬೂದುಬಣ್ಣದ ಕೊಕ್ಕರೆಗಳು ಇಳಿಯುತ್ತವಂತೆ. "ನಾ ನೋಡೀನಿ. ನಿಮಗ ತೋರಿಸಬೇಕು" ಎಂದು ಮದುವೆಯಾದ ವರ್ಷ ಕೇಳಿದ್ದಳು. "ಬರೋ ವರ್ಷ" ಅಂದಿದ್ದೆ. ಹಾಗೇ ಹತ್ತು ಚಳಿಗಾಲ ಹೋದವು.

ಅವಳ ತಮ್ಮ ಇಂಗ್ಲಿಷ್ ಮಾಸ್ತರ. ಒಮ್ಮೆ ಊಟಕ್ಕೆ ಕೂತಾಗ ಹೇಳಿದ: "ಮಾವಾ, ಇಂಗ್ಲಿಷಿನ್ಯಾಗ ಕೊಕ್ಕರಿಗೂ ಕ್ರೇನ್ ಅಂತಾರ, ನಿಮ್ಮ ಮಷೀನಿಗೂ ಕ್ರೇನ್ ಅಂತಾರ, ಕತ್ತು ಉದ್ದ ಮಾಡಿ ದಾರಿ ನೋಡೋದಕ್ಕೂ ಅದ ಮಾತು."

ಇವಳು ರೊಟ್ಟಿ ಬಡಿಯುತ್ತಲೇ ಅಂದಳು: "ಹೌದೇಳು ತಮ್ಮಾ. ನಾ ಕೇಳಿದ್ದು ಮೊದಲನೇದು, ಇವರು ತಂದದ್ದು ಎರಡನೇದು. ಮೂರನೇದು ಹತ್ತು ವರ್ಷದಿಂದ ನಾನ ಮಾಡಾಕತ್ತೀನಿ."

ಮಾಳಿಗೆ ಮೇಲಿನ ಕಾರು

ಮರುವರ್ಷ ಬುತ್ತಿ ಕಟ್ಟಿಕೊಂಡು ಕರೂರಿಗೆ ಹೊರಟೇಬಿಟ್ಟೆವು. ಬಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಕುರುಗೋಡಿನಿಂದ ಫೋನು. ಹೊಸದಾಗಿ ದುಡ್ಡು ಕಂಡ ಲಾರಿ ಮಾಲೀಕನೊಬ್ಬ ತನ್ನ ಕಾರನ್ನು ಮಾಳಿಗೆಯ ಮೇಲೆ ಏರಿಸಬೇಕು ಅಂದ. ಬಾಡಿಗೆ ಎರಡು ಪಟ್ಟು. ಅವಳು ಬುತ್ತಿ ಹಿಡಿದು ಮನೆಗೆ ತಿರುಗಿದಳು; ನಾನು ಕುರುಗೋಡಿಗೆ ಹೋದೆ.

"ಯಾಕ್ರೀ, ಮಾಳಿಗಿ ಮ್ಯಾಲ?"

"ಕಂತು ಕಟ್ಟಿಲ್ರೀ. ಬ್ಯಾಂಕಿನವ್ರ ಹತ್ರ ಏನ್ ಕ್ರೇನ್ ಇರ್ತೈತೇನು?"

ಅವನ ಮಾತು ಖರೇ. ತಿಂಗಳ ಮೇಲೆ ಕಾರು ಇಳಿಸಿಕೊಳ್ಳಲು ಬ್ಯಾಂಕಿನವರು ನನ್ನದನ್ನೇ ಬಾಡಿಗೆಗೆ ಹಿಡಿದರು.

ಕರೂರಿನ ಗದ್ದೆ

ಆಮೇಲಿನ ಚಳಿಗಾಲ ಲಾರಿಯೊಂದು ಗದ್ದೆಗೆ ಮಗುಚಿತು. ಎಲ್ಲಿ? ಕರೂರಿನಲ್ಲಿ! ಹೇಳುವುದರೊಳಗೆ ಇವಳು ಹೊಸ ಸೀರೆ ಉಟ್ಟು ಕ್ರೇನ್ ಹತ್ತಿ ಕೂತಿದ್ದಳು. ನಮ್ಮ ಡ್ರೈವರ್ ಚಾಚಾ, "ಅಕ್ಕಾ, ಸೀಟಿಲ್ಲ" ಅಂದರೆ, "ಪಾನಾ ಡಬ್ಬಿ ಐತಲ್ಲ" ಅಂದು ಆ ಸಲಕರಣೆ ಪೆಟ್ಟಿಗೆಯ ಮೇಲೇ ಕೂತಳು.

ತವರಿನ ಓಣಿಗೆ ಓಣಿಯೇ ಹೊರಬಂತು. ಅವಳ ಅತ್ತಿಗೆ ಕೂಗಿದಳು: "ಅಯ್ಯ, ಮಗಳನ್ನ ತವರಿಗೆ ಇಳಿಸಾಕ ಅಳಿಯ ಕ್ರೇನ್ ತಂದಾನ!"

ಲಾರಿಯ ಮೂತಿ ಅರ್ಧ ಎದ್ದಿತ್ತು. ಆಗಲೇ ಆಚೆ ಗದ್ದೆಗೆ ಕೊಕ್ಕರೆಗಳು ಇಳಿದವು. ಎಂಜಿನ್ನಿನ ಸದ್ದಿಗೆ ಕತ್ತು ಎತ್ತಿ, ರೆಕ್ಕೆ ಬಿಚ್ಚಿದವು. ಇವಳು ನನ್ನ ಮುಖ ನೋಡಿದಳು.

"ಚಾಚಾ, ಬಂದ್ ಮಾಡು."

"ಸಾವ್ಕಾರ್ರೇ, ಲಾರಿ ಅರ್ಧಕ್ಕ ನಿಂತೈತಿ!"

"ನಿಂತಿರಲಿ."

ಲಾರಿಯವನು ಬಾಯಿ ಬಡಿದುಕೊಂಡ: "ತಾಸಿನ ಲೆಕ್ಕ ಐತ್ರೀ!"

"ಈ ತಾಸು ನನ್ನದು, ಸುಮ್ನಿರಪ್ಪಾ."

ಕೊಕ್ಕರೆಗಳು ರೆಕ್ಕೆ ಮಡಚಿದವು. ಊರವರು ಕತ್ತು ಚಾಚಿ ನಮ್ಮನ್ನು ನೋಡಿದರು, ಕೊಕ್ಕರೆಗಳೂ ನಮ್ಮನ್ನೇ ನೋಡಿದವು. ನನ್ನ ಬೆರಳು ರೂಢಿಯಂತೆ ಕೊಕ್ಕರೆಗಳನ್ನು ಎಣಿಸತೊಡಗಿತು. ಇವಳು ಕೈ ಹಿಡಿದಳು: "ಸಾಕು ಬಿಡ್ರಿ, ಅವೇನು ಬಾಡಿಗಿ ತಾಸಲ್ಲ."

ಹೋದದ್ದು ಒಂದು ತಾಸಿನ ಬಾಡಿಗೆ. ಬಂದದ್ದು, ನನ್ನ ಲೆಕ್ಕದಲ್ಲಿ, ಹನ್ನೊಂದು ಕೊಕ್ಕರೆ. ಇವಳು ಹನ್ನೆರಡು ಅನ್ನುತ್ತಾಳೆ. ಹನ್ನೆರಡನೆಯದು ಲಾರಿಯ ಮರೆಯಲ್ಲಿತ್ತಂತೆ. ಆ ಒಂದನ್ನು ನನಗೆ ತೋರಿಸಲು ಇನ್ನೊಂದು ಚಳಿಗಾಲ ಮತ್ತೆ ಕರೂರಿಗೆ ಹೋಗಬೇಕಂತೆ.