ಮೆಹಬೂಬಿಯ ಮೊಟ್ಟೆಗಳಿಗೆ ನಾನು ಕೊಟ್ಟ ಕಾವು

ಶಹಾಪುರದ ನಮ್ಮ ಓಣಿಯಲ್ಲಿ ಭೌತಶಾಸ್ತ್ರ ಓದಿದವನು ನಾನೊಬ್ಬನೇ. ಆದ್ದರಿಂದ ಓಣಿಯ ಸಕಲ ಕಷ್ಟಗಳಿಗೂ ನನ್ನಲ್ಲಿ ಪರಿಹಾರವಿದೆ ಎಂದು ನಂಬಿದವನೂ ನಾನೊಬ್ಬನೇ!

ಪಕ್ಕದ ಮನೆಯ ಮೆಹಬೂಬಿ ತನ್ನ ಕೋಳಿಯನ್ನು ಕಾವಿಗೆ ಕೂರಿಸಿದ ದಿನವೇ ಬೆಕ್ಕು ಅದನ್ನು ಹೊತ್ತೊಯ್ದಿತು. ಮಗಳ ಹೆರಿಗೆಗೆಂದು ಆಕೆ ಮರುದಿನವೇ ಯಾದಗಿರಿಗೆ ಹೊರಡಬೇಕಿತ್ತು. ಮೊಟ್ಟೆಗಳ ಬುಟ್ಟಿ ಹಿಡಿದು ನಮ್ಮ ಮನೆಗೆ ಬಂದಳು.

"ಅಮ್ಮಾ ಕೊಟ್ಟ ಕೋಳಿ ವಂಶ ಇದು, ಮಾಸ್ತರ್. ಅಮ್ಮಾನೂ ಹೋದ್ಲು, ಈಗ ಕೋಳಿನೂ ಹೋತು. ಈ ಹದಿಮೂರು ತತ್ತಿ ಅಷ್ಟ ಉಳದಾವ" ಎಂದು ಕಣ್ಣೊರೆಸಿಕೊಂಡಳು.

ನನ್ನ ಹೆಂಡತಿ ರೇಣುಕಾ, "ದೋರನಹಳ್ಳ್ಯಾಗ ನಮ್ಮವ್ವನ ಮನ್ಯಾಗ ಕಾವಿಗೆ ಬಂದ ಕೋಳಿ ಅದ, ತರಸ್ಲೇನ್ರಿ?" ಎಂದಳು.

"ಕೋಳಿ ಯಾಕ? ಲಿನಕ್ಸ್ ಅದ!" ಎಂದೆ ನಾನು.

ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಓಡುವ ಅಂಗೈಯಗಲದ ಪುಟ್ಟ ಕಂಪ್ಯೂಟರ್ ಬೋರ್ಡೊಂದು ನನ್ನಲ್ಲಿತ್ತು. ಥರ್ಮಾಕೋಲ್ ಡಬ್ಬಿಗೆ ಬಲ್ಬು ಕಟ್ಟಿ ಬೋರ್ಡಿಗೆ ಜೋಡಿಸಿದೆ. ಬಲ್ಬು ಹತ್ತಬೇಕಾದರೆ ಬೋರ್ಡಿನಲ್ಲಿ ತಂತಿ ಸಿಕ್ಕಿಸಿದ ಒಂದು ಪಿನ್ನಿಗೆ 'ನೀನು ಅಪ್ಪಣೆ ಕೊಡುವವನು, ಬರೀ ಕೇಳಿಸಿಕೊಳ್ಳುವವನಲ್ಲ' ಎಂದು ತಿಳಿಸಿ ಹೇಳಬೇಕು. ಹೇಳಿದೆ. ಹತ್ತಿತು! ವೈಜ್ಞಾನಿಕ ಶಿಸ್ತಿಗಾಗಿ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಒಂದರಿಂದ ಹದಿಮೂರರವರೆಗೆ ಅಂಕಿ ಬರೆದೆ.

ಮೆಹಬೂಬಿ ಊರಿಗೆ ಹೊರಟ ದಿನವೇ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಮನೆಯ ಫ್ಯಾನು ತಿರುಗಿತು, ಟಿವಿ ಮಾತಾಡಿತು, ಬಲ್ಬು ಮಾತ್ರ ಹತ್ತಲಿಲ್ಲ. ಬಲ್ಬು ಸುಟ್ಟಿದೆ ಎಂದು ತೀರ್ಮಾನಿಸಿ ಬಜಾರಿಗೆ ಓಡಿ ಹೊಸದು ತಂದೆ. ಹತ್ತಲಿಲ್ಲ. ಹೋಲ್ಡರ್ ಬದಲಿಸಿದೆ. ಹತ್ತಲಿಲ್ಲ. ಕೊನೆಗೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ, ನಿದ್ದೆಯಿಂದೆದ್ದ ಬೋರ್ಡು ನಾನು ಹೇಳಿದ್ದನ್ನೆಲ್ಲ ಮರೆತಿತ್ತು; ಪಿನ್ನು ಮತ್ತೆ ಕೇಳುವವನಾಗಿ ಕೈಕಟ್ಟಿ ಕೂತಿತ್ತು!

"ಕರೆಂಟ್ ಹೋದಾಗೊಮ್ಮೆ ನೀವ ಹೇಳಬೇಕಂದ್ರ, ಕಾಲೇಜಿಗೆ ಹೋದಾಗ ಅದಕ್ಕ ಯಾರು ಹೇಳ್ತಾರ್ರಿ?" ಎಂದಳು ರೇಣುಕಾ.

"ತಾನಾಗೇ ಹೇಳೋ ಹಂಗ ಪ್ರೋಗ್ರಾಮ್ ಬರಿಯಾಕತ್ತೇನಿ!" ಎಂದೆ.

ಎರಡು ದಿನ ಹಿಡಿಯಿತು. ಬೋರ್ಡು ಏಳುತ್ತಲೇ ನನ್ನ ಪ್ರೋಗ್ರಾಮ್ ಓಡಿ ಬಲ್ಬು ಹತ್ತಿತು. ಮರುಕ್ಷಣ ಆರಿತು.

"ನಿಮಗ ಕಣ್ಣ ಹೊಡಿಯಾಕತ್ತದರಿ ಅದು!" ಎಂದು ರೇಣುಕಾ ನಕ್ಕು, ಮೆಹಬೂಬಿಯ ಅಂಗಳ ಗುಡಿಸಿ ಬರುತ್ತೇನೆಂದು ಹೋದಳು. ಆ ಮನೆಯ ಕೀಲಿ ಅವಳ ಬಳಿಯೇ ಇತ್ತು. ಇತ್ತೀಚೆಗೆ ದಿನಕ್ಕೆ ಮೂರು ಸಲ ಗುಡಿಸುತ್ತಿದ್ದಳು.

ಎಂಟನೆಯ ದಿನ ಮೂಲ ಸಿಕ್ಕಿತು. ಬೋರ್ಡು ಏಳುವಾಗ ಓದಿಕೊಳ್ಳುವ ಫೈಲೊಂದರಲ್ಲಿ ಆ ಪಿನ್ನನ್ನು ಮೊದಲೇ ಬೇರೊಂದು ಕೆಲಸಕ್ಕೆ ಬರೆದುಕೊಡಲಾಗಿತ್ತು. ನಾನು ಕೂತ ಜಾಗದ ಹಕ್ಕುದಾರ ಬಂದು ನನ್ನನ್ನೇ ಎಬ್ಬಿಸುತ್ತಿದ್ದ! ಫೈಲು ತಿದ್ದಿದೆ. ಪರೀಕ್ಷೆಗಾಗಿ ಮೇನ್ ಸ್ವಿಚ್ ಆರಿಸಿ ಹಾಕಿದೆ. ಹತ್ತಿತು! ಖಾತ್ರಿಗೆಂದು ಇನ್ನೂ ಹತ್ತು ಸಲ ಆರಿಸಿ ಹಾಕಿದೆ.

"ಮಿಕ್ಸ್ಯಾಗ ಚಟ್ನಿ ಅರ್ಧ ಆಗ್ಯಾದ, ಸಾಕ್ ಮಾಡ್ರಿ ಮಾರಾಯ್ರ!" ಎಂದು ಅಡುಗೆಮನೆಯಿಂದ ಕೂಗು ಬಂತು.

ಮೊಟ್ಟೆಗಳು ಸ್ವಲ್ಪ ಬಿಳುಪಾದಂತೆ ಕಂಡವು. 'ಶಾಖದಿಂದ ಬಣ್ಣ ತಿಳಿಯಾಗಿದೆ' ಎಂದು ನೋಟ್‌ಬುಕ್ಕಿನಲ್ಲಿ ದಾಖಲಿಸಿದೆ. ಏಳು ಎಂಬ ಅಂಕಿ ರೇಣುಕಾಳ ಬರಹದಂತಿತ್ತು. ಅದನ್ನು ದಾಖಲಿಸಲಿಲ್ಲ.

ಇಪ್ಪತ್ತೊಂದನೆಯ ದಿನ ಮೆಹಬೂಬಿ ಮೊಮ್ಮಗಳು ಹುಟ್ಟಿದ ಸಂತೋಷದ ಪೇಡೆಯೊಂದಿಗೆ ಬಂದಳು. ಮೂವರೂ ಡಬ್ಬಿಯ ಸುತ್ತ ನಿಂತೆವು. ನಾನು ಕಿವಿಗೊಟ್ಟೆ. ಚಿಂವ್ ಚಿಂವ್!

"ಕೇಳ್ರಿ!" ಎಂದು ಕುಣಿದೆ. ಮುಚ್ಚಳ ತೆಗೆದರೆ ಹದಿಮೂರು ಮೊಟ್ಟೆಗಳು ತೆಪ್ಪಗೆ ಮಲಗಿದ್ದವು. ಸದ್ದು ಗೋಡೆಯಾಚೆಯಿಂದ ಬರುತ್ತಿತ್ತು.

ರೇಣುಕಾ ಸೊಂಟದಿಂದ ಕೀಲಿ ತೆಗೆದಳು. ಮೆಹಬೂಬಿಯ ಹಿತ್ತಲಲ್ಲಿ ಬುಟ್ಟಿ ಎತ್ತಿದರೆ ದೋರನಹಳ್ಳಿಯ ಕೋಳಿ, ಅದರ ರೆಕ್ಕೆಯಡಿ ಹನ್ನೊಂದು ಮರಿ!

"ಮೊದಲ್ನೇ ದಿನ ನಿಮ್ಮ ದೀಪ ಹತ್ಲಿಲ್ಲ ನೋಡ್ರಿ, ಅವತ್ತ ತಮ್ಮಗ ಫೋನ್ ಮಾಡಿ ಕೋಳಿ ತರಸಿ, ಮೆಹಬೂಬಿ ತತ್ತಿ ಅದರ ಕೆಳಗ ಇಟ್ಟೀನಿ. ನಿಮ್ಮ ಡಬ್ಬ್ಯಾಗ ಇರೋದು ಅಂಗಡಿ ತತ್ತಿ."

ಮೆಹಬೂಬಿ ಅವಳ ಎರಡೂ ಕೈ ಹಿಡಿದು ಅತ್ತಳು. ಆಮೇಲೆ ನನ್ನತ್ತ ತಿರುಗಿ, "ನೀವೂ ಭಾಳ ತ್ರಾಸ ತಗೊಂಡೀರಿ, ಮಾಸ್ತರ್" ಎಂದು ಒಂದು ಪೇಡೆ ಜಾಸ್ತಿ ಕೊಟ್ಟಳು.

"ನನಗ್ಯಾಕ ಹೇಳ್ಲಿಲ್ಲ?" ಎಂದು ಹೆಂಡತಿಯನ್ನು ಗದರಿದೆ.

"ಭಾಳ ಖುಷಿಲೆ ಅದರ ಜೋಡಿ ಮಾತಾಡಾಕತ್ತಿದ್ರಿ. ಹೆಂಗ ಹೇಳ್ಲಿ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ನನ್ನ ಜಾಣತನವನ್ನು ನಂಬಿದ್ದರೆ ಮೆಹಬೂಬಿ ತಾಯಿಯ ಕೊನೆಯ ಗುರುತನ್ನೂ ಕಳೆದುಕೊಳ್ಳುತ್ತಿದ್ದಳು. ಹೆಂಡತಿ ನನ್ನನ್ನು ನಂಬದೇ ಇದ್ದದ್ದು ದೊಡ್ಡ ಉಪಕಾರ. ಮೂಗು ಮುಚ್ಚಿಕೊಂಡು, ಹದಿಮೂರು ಅಂಗಡಿ ಮೊಟ್ಟೆಗಳನ್ನು ಊರಾಚೆ ಆಳವಾಗಿ ಹೂತು ಬಂದೆ.

ಬೋರ್ಡು ಈಗ ಎಷ್ಟು ಸಲ ಕರೆಂಟ್ ಹೋದರೂ ಅಪ್ಪಣೆ ಕೊಡುವವನಾಗಿಯೇ ಏಳುತ್ತದೆ. ನಾನು ಮಾತ್ರ ದಿನಾ ಬೆಳಿಗ್ಗೆ ಕೇಳುವವನಾಗಿಯೇ ಏಳುತ್ತೇನೆ. ನನ್ನ ತಲೆಯೊಳಗಿನ ಆ ಫೈಲನ್ನು ತಿದ್ದುವ ವಿಚಾರ ನನಗಿಲ್ಲ.