ಸಾಹೇಬರು ಸೂಜಿಗೆ ಕೈ ಹಾಕಿದ್ದು

"ನನ್ನ ಮೊಮ್ಮಗಳು ಅಂಗಡಿ ಹೊದಿಕೆ ಹೊದೆಯೋ ಹಾಗಿಲ್ಲ! ಅವಳ ಹೊದಿಕೆಯ ಒಂದೊಂದು ಹೊಲಿಗೆಯೂ ಈ ಕೈಯಲ್ಲೇ ಬೀಳಬೇಕು!"

ಹೀಗೆಂದು ಘೋಷಿಸಿದ ಸಾಹೇಬರು ಆ ಕೈಯನ್ನು ಎತ್ತಿ ಹೆಂಡತಿಗೆ ತೋರಿಸಿದರು. ಕೈಯಲ್ಲಿ ಚಹಾದ ಲೋಟವಿದ್ದದ್ದು ಮರೆತೇ ಹೋಗಿತ್ತು. ಮೊದಲು ಬಿದ್ದದ್ದು ಹೊಲಿಗೆಯಲ್ಲ, ಚಹಾ!

ಸಾಹೇಬರು ಬಣ್ಣದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಅಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಡಬ್ಬದ ಮುಚ್ಚಳ ಕೂಡ ತೆರೆದುಕೊಳ್ಳುವಂತಿಲ್ಲ. ಮನೆಯಲ್ಲಿಯೂ ಅದೇ ಆಡಳಿತ. ಸ್ಟೂಲ್ ಹತ್ತುವವರು ಮೊದಲು ಅವರಿಗೆ ತಿಳಿಸಬೇಕು, ಇಳಿದ ಮೇಲೂ ತಿಳಿಸಬೇಕು. ಇಂಥವರು ಹೊಲಿಗೆಗೆ ಕೂರುತ್ತೇನೆಂದರೆ ಹೆಂಡತಿಗೆ ನಗು ಬಾರದೆ ಇರುತ್ತದೆಯೇ?

"ಅಲ್ಲಾರೀ, ಅಂಗಿ ಗುಂಡಿ ಕಿತ್ತುಹೋದ್ರೆ ಮನೆಯೆಲ್ಲ ಹುಡುಕಿಕೊಂಡು ಬರ್ತೀರಿ ನನ್ನನ್ನ. ಈ ಮನೇಲಿ ಸೂಚನೆ ಕೊಡೋರು ನೀವು, ಸೂಜಿ ಹಿಡಿಯೋಳು ನಾನು. ಹಾಗೇ ಇರ್ಲಿ ಬಿಡಿ."

"ಸೂಜಿ ಹಿಡಿಯೋದು ಯಾರಾದ್ರೂ ಹಿಡೀತಾರೆ ಕಣೇ. ಸುರಕ್ಷಿತವಾಗಿ ಹಿಡಿಯೋದು ಒಂದು ವಿದ್ಯೆ!"

ಮಗಳು ಆಸ್ಪತ್ರೆಯಿಂದ ಕೂಸಿನೊಂದಿಗೆ ಬರುವುದು ಅಂದೇ ಸಂಜೆಗೆ. ಬಟ್ಟೆಯ ತುಂಡುಗಳನ್ನು ಕತ್ತರಿಸಿ, ನಡುವೆ ಹತ್ತಿ ಹಾಸಿ, ಪಿನ್ನು ಚುಚ್ಚಿ ಇಟ್ಟವಳು ಹೆಂಡತಿಯೇ. ಇನ್ನು ಮಿಷನ್ನಿನಲ್ಲಿ ಓಡಿಸುವುದೊಂದು ಬಾಕಿ. ಮೂಲೆಯ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಿದ್ದ ಆ ವಿದ್ಯುತ್ ಹೊಲಿಗೆ ಯಂತ್ರ ಅಲ್ಲಿಯವರೆಗೆ ಯಾರಿಗೂ ತೊಂದರೆ ಕೊಟ್ಟದ್ದಲ್ಲ.

ಸಾಹೇಬರು ಕೋಣೆ ಪ್ರವೇಶಿಸಿದ ವೈಭವವನ್ನು ನೋಡಬೇಕಿತ್ತು! ಕಣ್ಣಿಗೆ ಕಾರ್ಖಾನೆಯ ಕನ್ನಡಕ, ಕೈಗೆ ದಪ್ಪ ಚರ್ಮದ ಗವಸು, ಕಾಲಿಗೆ ಕಬ್ಬಿಣದ ಮೂತಿಯ ಬೂಟು.

"ಹೊದಿಕೆ ಹೊಲೀತೀರಾ, ಬಾವಿ ತೋಡ್ತೀರಾ?" ಎಂದಳು ಹೆಂಡತಿ. "ಆ ಗವಸು ತೆಗೀರಿ. ಬೆರಳಿನ ಅಂದಾಜು ಸಿಗಲ್ಲ."

"ಚಾಲಕರೊಡನೆ ಮಾತಾಡಬಾರದು!"

ಚಾಲಕರು ಬೂಟುಗಾಲನ್ನು ಪೆಡಲ್ ಮೇಲೆ ಇಟ್ಟರು. ಇಟ್ಟರು ಅಷ್ಟೇ, ಒತ್ತಲಿಲ್ಲ. ಒತ್ತುವ ಕೆಲಸವನ್ನು ಬೂಟೇ ಮಾಡಿತು! ಮಿಷನ್ನು ಹುಚ್ಚೆದ್ದ ಕುದುರೆಯಂತೆ ಓಡತೊಡಗಿತು. ಹೊದಿಕೆ ಸರಸರನೆ ಒಳಗೆ ನುಗ್ಗಿತು. ಗಾಬರಿಯಲ್ಲಿ ಸಾಹೇಬರ ಉಸಿರು ಏರಿ ಕನ್ನಡಕಕ್ಕೆ ಮಂಜು ಕವಿಯಿತು. ಎದುರಿಗೆ ಮಿಷನ್ನೂ ಇಲ್ಲ, ಹೊದಿಕೆಯೂ ಇಲ್ಲ, ಬರೀ ಬಿಳಿ!

"ಕಾಲು ತೆಗೀರಿ! ಕಾಲು!"

"ಯಾವ ಕಾಲು?"

ಟಕ್! ಕರ್ರ್... ಎಂದು ಮಿಷನ್ನು ಕಚ್ಚಿಕೊಂಡು ನಿಂತಿತು. ಅಷ್ಟರಲ್ಲಿ ಹೆಂಡತಿ ಓಡಿ ಹೋಗಿ ಗೋಡೆಯ ಪ್ಲಗ್ ಕಿತ್ತಿದ್ದಳು.

ಸಾಹೇಬರು ಕೈ ಎತ್ತಲು ನೋಡಿದರು. ಕೈಯ ಜೊತೆ ಹೊದಿಕೆಯೂ ಎದ್ದು ಬಂತು! ಗವಸಿನ ತೋರುಬೆರಳು ಹೊದಿಕೆಗೆ ಅಚ್ಚುಕಟ್ಟಾಗಿ ಹೊಲಿದುಹೋಗಿತ್ತು. ಇಡೀ ಹೊದಿಕೆಯಲ್ಲಿ ನೇರವಾಗಿ ಬಿದ್ದ ಹೊಲಿಗೆ ಅದೊಂದೇ.

ಹೆಂಡತಿ ನಗಲಿಲ್ಲ. ಮುಖ ಬಿಳಿಚಿಕೊಂಡು, "ಬೆರಳು... ಬೆರಳು ಎಲ್ಲಿದೆ?" ಎಂದಳು.

ಸಾಹೇಬರು ಮೆಲ್ಲಗೆ ಗವಸಿನಿಂದ ಕೈ ಎಳೆದುಕೊಂಡರು. ಒಂದು, ಎರಡು, ಮೂರು... ಐದೂ ಇದ್ದವು! ಗವಸು ಅವರ ಅಳತೆಗಿಂತ ದೊಡ್ಡದು. ಸೂಜಿ ಹೊಲಿದದ್ದು ಬೆರಳು ತಲುಪದ ಖಾಲಿ ತುದಿಯನ್ನು. ಹೆಂಡತಿ ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಮದುವೆಯ ಹೊಸತರಲ್ಲಿ ಬಿಟ್ಟರೆ ಅವಳು ಹಾಗೆ ಹಿಡಿದದ್ದು ಸಾಹೇಬರಿಗೆ ನೆನಪಿಲ್ಲ. ದೇವರೇ, ನಿನ್ನ ದಯೆ ದೊಡ್ಡದು ಎಂದು ಅವರು ಮನಸ್ಸಿನಲ್ಲೇ ಕೈ ಮುಗಿದರು. ಒಂದು ಕೈ ಅವಳ ಹತ್ತಿರವಿದ್ದುದರಿಂದ ನಿಜವಾಗಿ ಮುಗಿಯುವಂತಿರಲಿಲ್ಲ.

ಆಮೇಲೆ ಅವಳು ಮಿಷನ್ನಿನತ್ತ ನೋಡಿದಳು. "ಸೂಜಿ ಮುರಿದಿದೆ. ತುದಿ ಕಾಣ್ತಿಲ್ಲ."

ಸಾಹೇಬರು ಹೊದಿಕೆಯತ್ತ ತಿರುಗಿದರು. ಹೊದಿಕೆಯ ಹತ್ತಿಯೊಳಗೆ ಎಲ್ಲೋ ಸೂಜಿಯ ತುದಿ! ಅದರ ಅಡಿಯಲ್ಲಿ ಹಸುಗೂಸು! ಈಗ ಅವರೊಳಗಿನ ಅಧಿಕಾರಿ ಎದ್ದು ನಿಂತ.

"ಆ ತುದಿ ಸಿಗೋವರೆಗೂ ಮಗು ಈ ಮನೆಯೊಳಗೆ ಬರೋ ಹಾಗಿಲ್ಲ!"

ಅಡುಗೆಮನೆಯ ಚಾಕು ಅಂಟಿಸುವ ಅಯಸ್ಕಾಂತದ ಪಟ್ಟಿ ಗೋಡೆಯಿಂದ ಕಿತ್ತುಬಂತು. ಬೆನ್ನಿಗೇ ಒಂದಿಷ್ಟು ಗಾರೆಯೂ ಬಂತು. ಸಾಹೇಬರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಪಟ್ಟಿ ಹಿಡಿದು ಕೋಣೆಯಿಂದ ನಡುಮನೆಗೆ ತೆವಳಿದರು. ಹೇರ್‌ಪಿನ್ನು ಸಿಕ್ಕಿತು. ಸೋಫಾದ ಅಡಿಯಲ್ಲಿ ಬೀರುವಿನ ಕೀಲಿಯೂ ಸಿಕ್ಕಿತು.

"ಬೀರುವಿನ ಬಾಗಿಲು ಒಡೆಸಿದ್ದು ಇದಕ್ಕೇನಾ?" ಎಂದಳು ಹೆಂಡತಿ.

"ಈಗ ಆ ವಿಷಯ ಬೇಡ."

ಅಷ್ಟರಲ್ಲಿ ಕರೆಗಂಟೆ! ಬಾಗಿಲಲ್ಲಿ ಕೂಸನ್ನೆತ್ತಿಕೊಂಡ ಮಗಳು, ಹಿಂದೆ ಚೀಲಗಳನ್ನು ಹೊತ್ತ ಅಳಿಯ.

"ಅಲ್ಲೇ ನಿಲ್ಲಿ! ಇದು ಅಪಘಾತದ ಸ್ಥಳ!" ನೆಲದಿಂದಲೇ ಸಾಹೇಬರು ಕೂಗಿದರು.

ಅಳಿಯ ಹೆದರಿ ಚೀಲ ಕೆಳಗಿಟ್ಟ. "ಅತ್ತೇ, ಮಾವನೋರಿಗೆ ಏನಾಯ್ತು? ಬಿದ್ರಾ?"

"ಇನ್ನೂ ಇಲ್ಲ," ಎಂದಳು ಅತ್ತೆ. ಹೊರಗಿನ ಜಗಲಿಗೆ ಒಂದು ಕುರ್ಚಿ ಕೊಟ್ಟು ಮಗಳನ್ನು ಕೂರಿಸಿ, ಒಳಗೆ ಬಂದು ಸೆರಗು ಸಿಕ್ಕಿಸಿದಳು. ಮಿಷನ್ನಿನ ಅಡಿಯ ತಗಡಿನ ತಿರುಪು ಬಿಚ್ಚಿದಳು, ಒಳಗಿನ ನೂಲುದೂಳನ್ನು ಸಣ್ಣ ಬ್ರಶ್ಶಿನಿಂದ ಗುಡಿಸಿ ಬಿಳಿ ಬಟ್ಟೆಯ ಮೇಲೆ ಉದುರಿಸಿದಳು. ಫಳಕ್ ಎಂದಿತು ತುದಿ! ಮುರಿದ ಇನ್ನರ್ಧವನ್ನು ಪಕ್ಕದಲ್ಲಿಟ್ಟಳು. ಎರಡೂ ಸೇರಿ ಪೂರ್ತಿ ಒಂದು ಸೂಜಿ. ಎಲ್ಲೂ ಒಂದು ಚೂರು ಕಡಿಮೆಯಿಲ್ಲ.

"ನೀನಿಲ್ಲದಿದ್ರೆ..." ಎಂದರು ಸಾಹೇಬರು ನೆಲದಿಂದಲೇ ತಲೆ ಎತ್ತಿ.

"ನಾನಿಲ್ಲದಿದ್ರೆ ನೀವಿನ್ನೂ ಸೋಫಾ ಅಡಿಯಲ್ಲಿ ಇರ್ತಿದ್ರಿ. ಏಳಿ."

ಆದರೂ ಹೊದಿಕೆಯ ಮೇಲೆ ಅಂಗುಲ ಅಂಗುಲವಾಗಿ ಅಯಸ್ಕಾಂತ ಎಳೆದು, ಒಂದೊಂದು ಪಿನ್ನನ್ನೂ ತೆಗೆದ ಮೇಲೆಯೇ ಸಾಹೇಬರು ಬಾಗಿಲು ಬಿಟ್ಟುಕೊಟ್ಟರು. ಅಷ್ಟರೊಳಗೆ ಗವಸು ಬಿಡಿಸಿ, ಉಳಿದ ಅಂಚನ್ನು ಹೆಂಡತಿ ಕೈಹೊಲಿಗೆಯಲ್ಲೇ ಮುಗಿಸಿದ್ದಳು. ಮಗಳು ಒಳಗೆ ಬಂದು ಸೋಫಾದಲ್ಲಿ ಕುಳಿತಳು. ಸಾಹೇಬರು ಪ್ರಶಸ್ತಿ ಕೊಡುವವರಂತೆ ಎರಡೂ ಕೈಯಲ್ಲಿ ಹೊದಿಕೆ ಚಾಚಿದರು.

"ನಿನ್ನ ಕೂಸಿಗೆ, ಅಪ್ಪನ ಕೈಯಾರೆ. ನೂರಕ್ಕೆ ನೂರು ಸುರಕ್ಷಿತ!"

ಮಗಳು ಸಂಕೋಚದಿಂದ ಗಂಡನ ಮುಖ ನೋಡಿದಳು. "ಅಪ್ಪಾ... ಡಾಕ್ಟರು ಹೇಳಿ ಕಳಿಸಿದಾರೆ. ಇಷ್ಟು ಎಳೆ ಮಗು ಮಲಗೋ ಕಡೆ ಹೊದಿಕೆ, ದಿಂಬು ಏನೂ ಇಡೋ ಹಾಗಿಲ್ವಂತೆ. ಮುಖಕ್ಕೆ ಮುಚ್ಚಿಕೊಂಡ್ರೆ ಉಸಿರು ಕಟ್ಟುತ್ತಂತೆ. ಅದು ಸುರಕ್ಷಿತ ಅಲ್ವಂತೆ."

ಅಳಿಯ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದ. ಕಾರ್ಖಾನೆಯ ಗೋಡೆಗಳಿಗೆಲ್ಲ ಎಚ್ಚರಿಕೆಯ ಫಲಕ ಹೊಡೆಸಿದ ಸಾಹೇಬರು ಚಾಚಿದ ಹೊದಿಕೆಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡರು.

"ಆದ್ರೆ ನನಗೆ ಕೊಡಪ್ಪಾ," ಎಂದಳು ಮಗಳು ಮೆಲ್ಲಗೆ. "ಆಗಿನಿಂದ ಚಳಿಯಾಗ್ತಿದೆ."

ಆಗ ಸಾಹೇಬರು ಅವಳನ್ನು ಸರಿಯಾಗಿ ನೋಡಿದರು. ಕಣ್ಣು ಗುಳಿಬಿದ್ದಿತ್ತು, ತುಟಿ ಒಣಗಿತ್ತು. ಅವಳು ಬಂದಾಗಿನಿಂದ ತಮಗೆ ಕೂಸಿನದೇ ಚಿಂತೆ. ಹೆತ್ತು ಬಂದವಳನ್ನು ಗಾಳಿಗೆ ಕೂರಿಸಿ, ಹೇಗಿದೀಯಮ್ಮ ಎಂದು ಒಂದು ಮಾತು ಕೇಳಿರಲಿಲ್ಲ! ಅವರು ಮಂಡಿಯೂರಿ ಹೊದಿಕೆಯನ್ನು ಅವಳ ಕಾಲಿಗೆ ಹೊದಿಸಿದರು. ಅದು ಮೊಣಕಾಲಿನಿಂದ ಪಾದದವರೆಗೆ ಮಾತ್ರ ಬಂತು. ಅವಳು ಕಣ್ಣು ಮುಚ್ಚಿ, "ಬೆಚ್ಚಗಿದೆ," ಎಂದು ನಕ್ಕಳು. ಸಾಹೇಬರು ಆ ಪಾದಗಳ ಬಳಿಯೇ ಕುಳಿತುಬಿಟ್ಟರು. ಸೂಜಿಯೂ ಸಿಕ್ಕಿತು, ಬೆರಳೂ ಉಳಿಯಿತು, ತಾಯಿ ಮಗು ಇಬ್ಬರೂ ಸುಖವಾಗಿ ಮನೆ ಸೇರಿದರು. ಇನ್ನೇನು ಬೇಕು?

"ಅಳತೆ ತಪ್ಪಿಬಿಡ್ತಲ್ಲೇ," ಎಂದರು ತಲೆ ತಗ್ಗಿಸಿ.

ಹೆಂಡತಿ ಕೂಸನ್ನು ಭುಜಕ್ಕೆ ಹಾಕಿಕೊಂಡು ಹೇಳಿದಳು: "ಅಳತೆ ತಪ್ಪಿಲ್ಲ ಬಿಡಿ. ಯಾರ ಮಗುವಿಗೆ ಹೊಲೀತಿದೀರಿ ಅನ್ನೋದೇ ನಿಮಗೆ ಗೊತ್ತಿರ್ಲಿಲ್ಲ. ಅವಳ ಮಗುವಿಗಲ್ಲ, ನಿಮ್ಮ ಮಗುವಿಗೆ!"